ಅಬಿದಾಳ ಎದೆಯ ಸದ್ದು

ದೇವಣಗಾಂವದ ಬಳೆಗಾರ್ತಿ ಸೈದಾಬಿಗೆ ಯಾರ ಮುಖವೂ ಸರಿಯಾಗಿ ನೆನಪಿರುತ್ತಿರಲಿಲ್ಲ. ಕೈ ಮಾತ್ರ ಮರೆಯುತ್ತಿರಲಿಲ್ಲ. ಇಂಡಿ ಪಟ್ಟಣದ ಸಂತೆಯಲ್ಲಿ ಯಾವಳಾದರೂ ಎದುರಾಗಿ ಗುರುತು ಸಿಕ್ಕಿತೇ ಎಂದು ಕೇಳಿದರೆ, ಮೊದಲು ಅವಳ ಕೈ ಹಿಡಿದು ಹೆಬ್ಬೆರಳಿನ ಬುಡ ಅಮುಕಿ ನೋಡುತ್ತಿದ್ದಳು. ಆಮೇಲೆ ಊರು, ಮನೆತನ, ಸೀಮಂತದಲ್ಲಿ ತೊಡಿಸಿದ ಬಳೆಯ ಬಣ್ಣ ಎಲ್ಲವನ್ನೂ ಒಪ್ಪಿಸುತ್ತಿದ್ದಳು. ಮೂವತ್ತು ವರ್ಷ ಬಳೆಯ ಮಲಾರ ಹೆಗಲಿಗೇರಿಸಿ ಹಳ್ಳಿ ಹಳ್ಳಿ ತಿರುಗಿದವಳು. ಎಂಥ ಬಿರುಸು ಕೈಯಾದರೂ ಎಲುಬು ಎಲುಬು ಸಡಿಲಿಸಿ, ಒಂದು ಬಳೆಯೂ ಚಿಟ್ಟೆನ್ನದಂತೆ ಏರಿಸುವುದರಲ್ಲಿ ಭೀಮಾ ನದಿಯ ಈಚೆ ಆಕೆಗೆ ಸರಿಸಮ ಇರಲಿಲ್ಲ. ಇದನ್ನು ಬೇರೆ ಯಾರೂ ಹೇಳಬೇಕಾಗಿರಲಿಲ್ಲ, ಆಕೆಯೇ ಹೇಳುತ್ತಿದ್ದಳು.

ಅಬಿದಾ ಆಕೆಯ ಮೊಮ್ಮಗಳು. ಹೆತ್ತವಳು ಹೆರಿಗೆಯಲ್ಲೇ ತೀರಿಹೋಗಿದ್ದಳು. ಅಪ್ಪ ರಸೂಲಸಾಬ ಇನ್ನೊಂದು ಮದುವೆಯಾಗಿ ಮುದ್ದೇಬಿಹಾಳ ಸೇರಿ, ಈದಿಗೊಮ್ಮೆ ಮುಖ ತೋರಿಸುವ ನೆಂಟನಾಗಿದ್ದ. ಹೀಗಾಗಿ ಸೈದಾಬಿಗೆ ಅಬಿದಾ, ಅಬಿದಾಗೆ ಸೈದಾಬಿ, ನಡುವೆ ಬಳೆಯ ಗಂಟು. ಇಷ್ಟೇ ಆ ಮನೆ.

ಹುಡುಗಿಗೆ ಒಂಬತ್ತು ತುಂಬಿದ ವರ್ಷ, ಅಂದರೆ ಸಾವಿರದ ಒಂಬೈನೂರ ಐವತ್ತಮೂರರಲ್ಲಿ, ಒಂದು ಗಂಟಲು ನೋವು ಬಂದು ಹೋಯಿತು. ಹದಿನೈದು ದಿನದ ಮೇಲೆ ಜ್ವರ ಹತ್ತಿತು. ಇಂದು ಮೊಣಕಾಲು ಬಾತರೆ ನಾಳೆ ಅದು ಇಳಿದು ಮುಂಗೈ ಬಾಯುತ್ತಿತ್ತು, ನಾಡಿದ್ದು ಹಿಮ್ಮಡಿಯ ಗಂಟು. ಮುಟ್ಟಿದರೆ ಹುಡುಗಿ ಚೀರುತ್ತಿದ್ದಳು. ನೋವು ಹೀಗೆ ಕೀಲಿನಿಂದ ಕೀಲಿಗೆ ಮನೆ ಬದಲಿಸುವುದನ್ನು ಕಂಡು ಊರವರು ಇದು ಗಾಳಿಯ ಚೇಷ್ಟೆ ಎಂದು ತೀರ್ಮಾನಿಸಿದರು. ಸೈದಾಬಿ ತವುಡು ಹುರಿದು ಶಾಖ ಕೊಟ್ಟಳು, ಲಕ್ಕಿ ಸೊಪ್ಪು ಕಟ್ಟಿದಳು, ಹೊಳೆದಂಡೆಯ ದರ್ಗಾಕ್ಕೆ ಹಸಿರು ಚಾದರದ ಹರಕೆ ಹೊತ್ತಳು. ಆರು ವಾರಕ್ಕೆ ಬಾವು ಇಳಿಯಿತು, ಹುಡುಗಿ ಎದ್ದು ಓಡಾಡಿದಳು, ಚಾದರ ದರ್ಗಾ ಸೇರಿತು. ಬೇನೆ ಬಿಟ್ಟುಹೋಗಿದ್ದು ಕೀಲುಗಳನ್ನು ಮಾತ್ರ ಎಂಬುದು ಯಾರಿಗೂ ತಿಳಿಯಲಿಲ್ಲ.

ಎರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಸೈದಾಬಿ ಹುಡುಗಿಗೆ ಎಣ್ಣೆ ಹಚ್ಚುತ್ತಿದ್ದಳು. ಎಡ ಎದೆಯ ಮೇಲೆ ಅಂಗೈ ಇಟ್ಟವಳು ತೆಗೆಯದೆ ಹಾಗೇ ಕುಳಿತಳು. ಒಳಗೆ ಬರೀ ಬಡಿತವಿರಲಿಲ್ಲ. ಒಲೆಯ ಮಗ್ಗುಲಲ್ಲಿ ಮಲಗಿದ ಬೆಕ್ಕು ಗುರುಗುಟ್ಟಿದಂತೆ ಒಂದು ನಡುಕ ಅಂಗೈಗೆ ಬಂದು ತಾಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ತಾಗುತ್ತಿತ್ತು. ಸಾವಿರ ಕೈ ಹಿಡಿದ ಅಂಗೈ ಅದು. ಹೀಗೊಂದು ಸದ್ದನ್ನು ಎಂದೂ ಮುಟ್ಟಿರಲಿಲ್ಲ.

ಮಸೀದಿಯ ಮುಲ್ಲಾ ಅಮೀನುದ್ದೀನನನ್ನು ಕೇಳಿದಳು. ಆತ ಸಾಧು ಮನುಷ್ಯ, ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವವನಲ್ಲ. ಕೆಲವು ದೊಡ್ಡ ವಲಿಗಳ, ಅಂದರೆ ಸೂಫಿ ಸಂತರ, ಎದೆ ತುಟಿಯ ಹಂಗಿಲ್ಲದೆ ತಾನಾಗಿಯೇ ದೇವರ ಹೆಸರು ಜಪಿಸುತ್ತಿತ್ತಂತೆ, ಅದಕ್ಕೆ ಎದೆಯ ಜಿಕ್ರ್ ಎನ್ನುತ್ತಾರಂತೆ, ತಾನು ಕಂಡಿಲ್ಲ, ಕೇಳಿದ್ದೇನೆ ಎಂದ. ಸೈದಾಬಿ ಆ ‘ಅಂತೆ’ಗಳನ್ನೆಲ್ಲ ಮಸೀದಿಯ ಮೆಟ್ಟಿಲಲ್ಲೇ ಬಿಟ್ಟು, ಉಳಿದದ್ದನ್ನು ಮನೆಗೆ ತಂದಳು. ಮರುದಿನದಿಂದ ಮಲಾರದ ಜೊತೆಗೆ ಆ ಸುದ್ದಿಯೂ ಹಳ್ಳಿ ತಿರುಗಿತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ಆದರೆ ಇಲ್ಲಿ ಕೈಯಿಟ್ಟು ನೋಡಿದರೆ ನಿಜವಾಗಿಯೂ ಗುರುಗುಡುತ್ತಿತ್ತಲ್ಲ! ಇಂಡಿ, ಸಿಂದಗಿ ಕಡೆಯಿಂದ ಹೆಂಗಸರು ಬರತೊಡಗಿದರು. ಬುರ್ಖಾದವರು ಬಂದರು, ಇಳಕಲ್ ಸೀರೆಯವರು ಬಂದರು, ಕೊರಳಲ್ಲಿ ಲಿಂಗ ಕಟ್ಟಿದವರೂ ಬಂದರು. ಒಳಗಿನ ದೇವರು ಯಾರ ಕಡೆಯವನು ಎಂದು ಯಾರೂ ತಕರಾರು ತೆಗೆಯಲಿಲ್ಲ. ಬರುಬರುತ್ತಾ ಅದೊಂದು ಪದ್ಧತಿಯೇ ಆಯಿತು. ಗುರುವಾರ ಲೋಬಾನದ ಹೊಗೆ ಹಾಕಿ ಅಬಿದಾಳನ್ನು ಚಾಪೆಯ ಮೇಲೆ ಮಲಗಿಸುವುದು. ಹಾಲು ಕಕ್ಕುವ, ಬೆಚ್ಚಿಬೀಳುವ ಕೂಸುಗಳನ್ನು ಒಂದೊಂದಾಗಿ ಅವಳ ಎದೆಯ ಮೇಲೆ ಕವುಚಿ ಹಾಕುವುದು. ಆ ಗುರುಗುರು ತಾಗಿದ ಕೂಸು ಅಳು ನಿಲ್ಲಿಸಿ ನಿದ್ದೆ ಹೋಗುತ್ತಿತ್ತು. ಸೈದಾಬಿ ಅದಕ್ಕಾಗಿ ಯಾರಿಂದಲೂ ಏನೂ ಮುಟ್ಟಲಿಲ್ಲ, ಅಷ್ಟರಮಟ್ಟಿಗೆ ನೇರ ಹೆಂಗಸು. ಮರ್ಯಾದೆ ತಾನಾಗಿ ಬಂದರೆ ಮಾತ್ರ ಬೇಡ ಅನ್ನಲಿಲ್ಲ.

ಅಬಿದಾಳ ಪಾಡನ್ನು ಕೇಳಿದವರಿಲ್ಲ. ಓರಗೆಯ ಹುಡುಗಿಯರು ಅವಳೊಡನೆ ಕುಂಟಾಟ ಆಡುವುದನ್ನು ಬಿಟ್ಟರು. ನೀರು ತರಲು ಹೋದರೆ ಯಾರಾದರೂ ಕೊಡ ಕಸಿದುಕೊಳ್ಳುತ್ತಿದ್ದರು. ಹದಿನೆಂಟು ಕಳೆದರೂ ಒಂದು ಗಂಡು ನೋಡಲು ಬರಲಿಲ್ಲ. ಎದೆಯಲ್ಲಿ ದೇವರ ಹೆಸರು ಇಟ್ಟುಕೊಂಡವಳಿಗೆ ಮುಸುರೆ ತಿಕ್ಕು ಎಂದು ಯಾವ ಅತ್ತೆ ಹೇಳಿಯಾಳು? ಅವಳ ಕೆನ್ನೆ ಎರಡೂ ಕೆಂಪಗೆ ಕಂದಿರುತ್ತಿದ್ದವು. ಜನ ಅದನ್ನು ದೈವದ ಕಳೆ ಎಂದು ಹೊಗಳುತ್ತಿದ್ದರು.

ಅರವತ್ತನಾಲ್ಕರ ಬೇಸಿಗೆಯ ಹೊತ್ತಿಗೆ ಅಬಿದಾ ಬಾಗಿಲಿನಿಂದ ಒಲೆಯ ತನಕ ನಡೆದರೆ ಏದುಸಿರು ಬಿಡುತ್ತಿದ್ದಳು. ಅಂಗಾತ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಜೋಳದ ಚೀಲಕ್ಕೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದಳು. ಗುರುವಾರ ಒಂದು ಗಂಟೆ ಮಲಗುವುದು ಅವಳಿಗೆ ವಾರವಿಡೀ ಭಯ ಹುಟ್ಟಿಸುತ್ತಿತ್ತು. ಕೊನೆಗೆ ಅವಳೇ ಹಟ ಹಿಡಿದು ಸಿಂದಗಿಯ ಡಾಕ್ಟರ ಗುರಲಿಂಗಪ್ಪನವರ ಹತ್ತಿರ ಕರೆದೊಯ್ಯುವಂತೆ ಮಾಡಿದಳು.

ಡಾಕ್ಟರು ಸ್ಟೆತಾಸ್ಕೋಪಿನ ಕೊಳವೆ ಹಚ್ಚಿ ಅಬಿದಾಳ ಎದೆಯನ್ನು ಬಹಳ ಹೊತ್ತು ಕೇಳಿದರು. ಆಮೇಲೆ ಕೊಳವೆಯ ತುದಿಗಳನ್ನು ಸೈದಾಬಿಯ ಕಿವಿಗೇ ಇಟ್ಟರು. ಒಂಬತ್ತು ವರ್ಷ ಅಂಗೈಯಲ್ಲಿ ಕೇಳಿದ್ದು ಈಗ ಗಿರಣಿಯ ಹಾಗೆ ಕಿವಿ ತುಂಬಿತು. ಸೈದಾಬಿಯ ಮುಖ ಅರಳಿತು. ಓದಿದವರು ಈಗಲಾದರೂ ನಂಬಿದಿರಲ್ಲ ಎಂದಳು.

ಗುರಲಿಂಗಪ್ಪ ನಗಲಿಲ್ಲ. ಆಕೆಯ ಮಲಾರದಿಂದ ಎರಡು ಬಳೆ ತೆಗೆಸಿದರು, ಒಂದು ದೊಡ್ಡ ಹೆಂಗಸಿನದು, ಒಂದು ತೊಟ್ಟಿಲ ಕೂಸಿನದು. ಎದೆಯೊಳಗೆ ರಕ್ತ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಬಾಗಿಲು ಇಷ್ಟಿರಬೇಕು ಎಂದು ದೊಡ್ಡದನ್ನು ತೋರಿಸಿದರು. ಇವಳದು ಇಷ್ಟಾಗಿದೆ ಎಂದು ಸಣ್ಣದನ್ನು ಎತ್ತಿದರು. ಚಿಕ್ಕಂದಿನ ಆ ಕೀಲಿನ ಜ್ವರ ಬಾಗಿಲಿನ ಎರಡು ಪದರಗಳನ್ನು ಬಾಡಿಸಿ ಅಂಟಿಸಿಬಿಟ್ಟಿದೆ, ರಕ್ತ ಆ ಸಂದಿಯಲ್ಲಿ ತಿಕ್ಕಾಡಿ ನುಗ್ಗುವ ಸದ್ದು ಇದು, ಹಿಂದೆ ಉಳಿದ ರಕ್ತ ಪುಪ್ಪುಸಕ್ಕೆ ತುಂಬಿಕೊಳ್ಳುತ್ತಿದೆ ಎಂದರು.

"ಮಿರಜಿನ ದವಾಖಾನ್ಯಾಗ ಕೊಯ್ದು ಇದನ್ನ ಬಿಡಸತಾರ," ಎಂದರು. "ಬಿಡಸದಿದ್ರ ಇನ್ನೊಂದ ಮಳಿಗಾಲ ನೋಡೂದಿಲ್ಲ ಹುಡುಗಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ ಸೈದಾಬಿ. ದೇವರ ಹೆಸರನ್ನು ಕತ್ತರಿಸಿ ತೆಗೆಯಲು ಇವರಾರು ಎಂದು ಬಳೆಗಳನ್ನು ಕಸಿದು ಗಂಟಿಗೆ ಹಾಕಿಕೊಂಡು, ಮೊಮ್ಮಗಳನ್ನು ಎಬ್ಬಿಸಿಕೊಂಡು ಬಂದಳು. ಸಿಟ್ಟಿನ ಕೆಳಗೆ ಹೆದರಿಕೆ ಇತ್ತು. ಅದನ್ನು ಆಕೆ ನೋಡಲು ಒಪ್ಪಲಿಲ್ಲ.

ಮುಂದಿನ ಗುರುವಾರ ಎಂದಿನಂತೆ ಅಂಗಳ ತುಂಬಿತು. ಅಬಿದಾ ಮಲಗಿದಳು. ಮೊದಲ ಕೂಸು ಮೂರು ತಿಂಗಳದ್ದು, ಬಡಕಲು ಹೆಣ್ಣುಮಗು. ಅದನ್ನು ಎದೆಯ ಮೇಲೆ ಇಟ್ಟ ಸ್ವಲ್ಪ ಹೊತ್ತಿಗೆ ಅಬಿದಾ ಅಜ್ಜಿಯ ಸೆರಗು ಜಗ್ಗಿದಳು.

"ಆಯಿ, ಕೂಸ ತಗಿ. ಭಾರ ಆಗಾಕತ್ತೈತಿ."

ಇನ್ನೊಂದು ಚೂರು ತಡಿ, ಈಗ ನಿದ್ದೆ ಹತ್ತುತ್ತದೆ ಎಂದಳು ಸೈದಾಬಿ. ಅಷ್ಟರಲ್ಲಿ ಅಬಿದಾ ಕೆಮ್ಮಿದಳು. ಕೂಸಿನ ಬಿಳಿ ಕುಲಾಯಿಯ ಮೇಲೆ ರಕ್ತ ಚಿಮ್ಮಿತು, ನೊರೆ ನೊರೆಯಾದ ತೆಳು ರಕ್ತ. ಕೂಸಿನ ತಾಯಿ ಮಗುವನ್ನು ಎಳೆದುಕೊಂಡಳು. ಸೈದಾಬಿ ಮೊಮ್ಮಗಳನ್ನು ಎತ್ತಿ ಕೂರಿಸಿ ಎದೆಗೆ ಅಂಗೈ ಒತ್ತಿದಳು. ಆ ನಡುಕ ಎಡವುತ್ತಿತ್ತು, ಮುಗ್ಗರಿಸುತ್ತಿತ್ತು, ಬಾಗಿಲು ತೆಗೆಯಿರೆಂದು ಒಳಗಿನಿಂದ ಯಾರೋ ಬಡಿದಂತೆ ಬಡಿಯುತ್ತಿತ್ತು. ದೇವರ ಹೆಸರು ಹೇಳುವ ಎದೆ ಮೂರು ತಿಂಗಳ ಕೂಸನ್ನು ಹೊರಲಾರದೆ ಹೋಗುತ್ತದೆಯೇ? ಇದು ಜಪವಲ್ಲ, ಮೊರೆ. ಒಂಬತ್ತು ವರ್ಷ ಅದು ಕೂಗಿದೆ, ತಾನು ಅದಕ್ಕೆ ಲೋಬಾನ ಹಾಕಿ ಕೂತಿದ್ದೇನೆ. ಸೈದಾಬಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಬಂದವರನ್ನೆಲ್ಲ ಮನೆಗೆ ಹೋಗಿ ಎಂದಳು.

ಮತ್ತೆ ಸಿಂದಗಿ, ಸಿಂದಗಿಯಿಂದ ವಿಜಾಪುರ, ವಿಜಾಪುರದಿಂದ ಜತ್ತ ಊರಿನ ಮೇಲೆ ಹಾದು ಮಿರಜ. ಗುರಲಿಂಗಪ್ಪನವರು ಬರೆದುಕೊಟ್ಟ ಚೀಟಿ ಸೈದಾಬಿಯ ಕುಪ್ಪಸದಲ್ಲಿತ್ತು. ದಾರಿಯುದ್ದಕ್ಕೂ ಅಬಿದಾ ಮುಂದಿನ ಸೀಟಿನ ಕಂಬಿ ಹಿಡಿದು ಕುಳಿತೇ ಇದ್ದಳು. ಅಜ್ಜಿ ಬೆನ್ನು ನೀವುತ್ತಾ ಹೋದಳು.

ಅಲ್ಲಿನ ದೊಡ್ಡ ಡಾಕ್ಟರು ನಲವತ್ತರ ಸಣಕಲು ಆಳು, ಮರಾಠಿ ಬೆರೆಸಿದ ಕನ್ನಡದವರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಸೈದಾಬಿಯನ್ನು ಎದುರಿಗೆ ಕೂರಿಸಿಕೊಂಡು ಬಿಚ್ಚಿ ಹೇಳಿದರು. ಪಕ್ಕೆಲುಬಿನ ನಡುವೆ ಕೊಯ್ದು ಒಳಗೆ ಹೋಗುವುದು. ಹೃದಯದ ಮೂಲೆಯಲ್ಲಿ ಕಿವಿಯಂಥ ಒಂದು ತುಣುಕಿದೆ. ಅದರ ಸುತ್ತ ದಾರ ಹೊಲಿದು, ಸಣ್ಣ ಕಂಡಿ ಮಾಡಿ, ಅಲ್ಲಿಂದ ತೋರುಬೆರಳು ಒಳಗೆ ಹಾಕುವುದು. ಬೆರಳಿನಿಂದ ಅಂಟಿದ ಬಾಗಿಲನ್ನು ಬಿಡಿಸುವುದು. ಹತ್ತು ಜನರಲ್ಲಿ ಒಬ್ಬರು ಉಳಿಯುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಸೈದಾಬಿ ಕೇಳಿದ್ದನ್ನೇ ತಿರುಗಿಸಿ ಕೇಳಿದಳು. ಬೆರಳೇ? ಎದೆಯೊಳಗೆ? ಆಗ ಎದೆ ನಿಂತಿರುತ್ತದೆಯೇ?

"ಇಲ್ಲ ಆಯಿ. ಅದು ಬಡಕೋತನ ಇರತೈತಿ. ಬೆರಳ ಒಳಗಿದ್ದಾಗ ದಾರಿ ಕಟ್ಟತೈತಿ, ಎರಡ ಮೂರ ಬಡಿತದಷ್ಟ ನನಗ ಟೈಮು."

"ಒಳಗ ಕಾಣತೈತೇನ್ರಿ?"

"ಏನೂ ಕಾಣಂಗಿಲ್ಲ. ಬೆರಳಿಗೆ ತಿಳಿದದ್ದಷ್ಟ."

ಸೈದಾಬಿ ತನ್ನ ತೋರುಬೆರಳನ್ನು ತಿರುಗಿಸಿ ನೋಡಿಕೊಂಡಳು. ಆಮೇಲೆ, ನಿಮ್ಮ ಕೈ ಕೊಡಿ ಎಂದಳು. ಪಕ್ಕದಲ್ಲಿದ್ದ ನರ್ಸಬಾಯಿ ಕಕ್ಕಾಬಿಕ್ಕಿಯಾದಳು. ಡಾಕ್ಟರು ಕೈ ಚಾಚಿದರು.

ಬಳೆ ತೊಡಿಸುವಾಗಿನಂತೆ ಆಕೆ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು. ಹೆಬ್ಬೆರಳಿನ ಬುಡ ಅಮುಕಿದಳು, ಗೆಣ್ಣುಗಳನ್ನು ಒಂದೊಂದಾಗಿ ಮಡಿಸಿ ನೋಡಿದಳು, ತೋರುಬೆರಳಿನ ತುದಿಯನ್ನು ತನ್ನ ಅಂಗೈಯಲ್ಲಿ ಉಜ್ಜಿದಳು. ಉಗುರನ್ನು ಬುಡದ ತನಕ ಕತ್ತರಿಸಿದ್ದರು. ಹಸ್ತ ಒಣಗಿತ್ತು, ನಡುಕವಿರಲಿಲ್ಲ, ಆದರೆ ಹಿಡಿದವರ ಕೈಗೆ ತಕ್ಕಂತೆ ಒಳಗೊಳಗೇ ಸರಿದುಕೊಳ್ಳುತ್ತಿತ್ತು. ಜೋರು ಮಾಡುವ ಕೈ ಬಳೆ ಒಡೆಯುತ್ತದೆ. ಹೆದರುವ ಕೈಯೂ ಒಡೆಯುತ್ತದೆ. ಈ ಕೈ ಎರಡೂ ಅಲ್ಲ ಎಂಬುದು ಆಕೆಗೆ ತಿಳಿಯಿತು. ಓದಿನ ಲೆಕ್ಕದಲ್ಲಿ ಆತ ಎಷ್ಟು ದೊಡ್ಡವನೋ ಆಕೆಗೆ ಗೊತ್ತಾಗುವಂತಿರಲಿಲ್ಲ, ಕೈಯ ಲೆಕ್ಕದಲ್ಲಿ ತನಗಿಂತ ದೊಡ್ಡವನು ಎಂದು ಜೀವಮಾನದಲ್ಲಿ ಮೊದಲ ಸಲ ಒಪ್ಪಿಕೊಂಡಳು.

"ಅವಸರ ಮಾಡಬ್ಯಾಡ್ರಿ," ಎಂದು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ಕೊಯ್ಯುವ ದಿನ ಬೆಳಿಗ್ಗೆ ಅಬಿದಾಳನ್ನು ಗಾಲಿಯ ಮಂಚದಲ್ಲಿ ತಳ್ಳಿಕೊಂಡು ಹೋದರು. ಹುಡುಗಿ ಅಳಲಿಲ್ಲ. ಬದುಕಿ ಬಂದರೆ ಇನ್ನು ಮೇಲೆ ನನ್ನನ್ನು ಗುರುವಾರ ಮಲಗಿಸಬೇಡ ಎಂದಷ್ಟೇ ಕೇಳಿದಳು. ಸೈದಾಬಿ ಹೂಂ ಅಂದಳು. ಆಮೇಲೆ ಆವರಣದ ಬೇವಿನ ಮರದ ಬುಡದಲ್ಲಿ ಜಪಮಾಲೆ ಹಿಡಿದು ಕುಳಿತಳು. ಮಣಿ ಮುಂದೆ ಸರಿಯಲಿಲ್ಲ. ಮನಸ್ಸೆಲ್ಲ ಆ ಬೆರಳಿನ ಹಿಂದೆ ಹೋಗಿತ್ತು. ಈಗ ಎಲುಬು ದಾಟಿರಬೇಕು. ಈಗ ಆ ಕಿವಿಯ ಹತ್ತಿರ ಬಂದಿರಬೇಕು. ತಾಯಿಯ ಹೊಟ್ಟೆಯಲ್ಲಿ ದೇವರು ಕಟ್ಟಿ ಮುಚ್ಚಿದ ಮನೆ ಅದು, ಅಲ್ಲಿಗೆ ಹುಟ್ಟಿದಂದಿನಿಂದ ಬೆಳಕೂ ಹೋಗಿಲ್ಲ. ಅಂಥಲ್ಲಿಗೆ ಒಬ್ಬ ಮನುಷ್ಯನ ಬೆರಳು, ಅನ್ನ ಕಲಸುವ, ಮಕ್ಕಳ ಮೂಗು ಒರೆಸುವ ಬೆರಳು, ಕತ್ತಲಲ್ಲಿ ತಡವಿಕೊಂಡು ಹೋಗುತ್ತದೆ. ಹೋಗಲು ಆ ದೇವರೇ ಬಿಟ್ಟಿದ್ದಾನೆ! ಸೈದಾಬಿ ಅರವತ್ತು ವರ್ಷ ನಮಾಜು ಮಾಡಿದವಳು. ದೇವರು ಇಷ್ಟು ಹತ್ತಿರ ಇದ್ದಾನೆ ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ, ಇಷ್ಟು ಹೆದರಿಕೆಯೂ ಆಗಿರಲಿಲ್ಲ.

ಮಧ್ಯಾಹ್ನ ಡಾಕ್ಟರು ತಾವೇ ಬೇವಿನ ಮರದ ತನಕ ಬಂದರು. ಹುಡುಗಿ ಉಳಿದಿದ್ದಾಳೆ ಎಂದು ಮೊದಲು ಹೇಳಿ, ಕಟ್ಟೆಯ ಮೇಲೆ ಕುಳಿತರು. ಕಿರುಬೆರಳಿನ ತುದಿಯೂ ಹೋಗದಷ್ಟು ಸಣ್ಣ ಸಂದಿ ಇತ್ತಂತೆ. ಅಂಟಿಕೊಂಡ ಮೂಲೆಯನ್ನು ತಡವಿ, ಮೆಲ್ಲಗೆ ಒತ್ತಿದಾಗ ಒಂದು ಕಡೆ ಬಿಟ್ಟುಕೊಟ್ಟಿತಂತೆ, ಆಮೇಲೆ ಇನ್ನೊಂದು ಕಡೆ.

"ಬಿಟ್ಟ ಕೂಡಲೆ ರಕ್ತ ನನ್ನ ಬೆರಳಿನ ಮಗ್ಗಲದಾಗ ಹಾಯ್ತು ನೋಡ ಆಯಿ, ಸುಸೂತ್ರ," ಎಂದರು. "ನೂರ ಸಲ ಮಾಡೇನಿ. ಪ್ರತಿ ಸಲ ಮೈ ಜುಂ ಅಂತೈತಿ."

ಸೈದಾಬಿ ಆ ಬೆರಳನ್ನು ಹಿಡಿದು ಎರಡೂ ಕಣ್ಣಿಗೆ ಒತ್ತಿಕೊಂಡಳು. ದರ್ಗಾದ ಹೊಸಿಲಿಗೂ ಆಕೆ ಅಷ್ಟು ಬಾಗಿರಲಿಲ್ಲ.

ನಾಲ್ಕನೆಯ ದಿನ ಒಳಗೆ ಬಿಟ್ಟರು. ಅಬಿದಾ ಅಂಗಾತ ಮಲಗಿ ನಿದ್ದೆ ಮಾಡುತ್ತಿದ್ದಳು. ಒಂದು ವರ್ಷದಿಂದ ಅವಳು ಹಾಗೆ ನಿದ್ದೆ ಹೋದದ್ದನ್ನು ಸೈದಾಬಿ ಕಂಡಿರಲಿಲ್ಲ. ಪಟ್ಟಿಯ ಮೇಲ್ಗಡೆ ಮೆಲ್ಲಗೆ ಅಂಗೈ ಇಟ್ಟಳು. ಗುರುಗುರು ಇರಲಿಲ್ಲ. ಕಾದಳು. ಆಮೇಲೆ ತಾಗಿತು: ಒಂದು ಬಡಿತ, ಅದರ ಹಿಂದೆ ಇನ್ನೊಂದು, ನಡುವೆ ಬರೀ ಮೌನ. ಊರಿನ ಎಲ್ಲರ ಎದೆಯಲ್ಲೂ ಇರುವಂಥದೇ. ಒಂಬತ್ತು ವರ್ಷ ಅಂಗೈ ರೂಢಿ ಮಾಡಿಕೊಂಡ ಸದ್ದು ಹೋಯಿತೆಂದು ಆಕೆಗೆ ದುಃಖವೂ ಬಂತು, ಸುಳ್ಳು ಹೇಳಿ ಏನು ಫಲ. ಆದರೆ ಆ ಸಾದಾ ಬಡಿತ ಸರಾಗವಾಗಿ, ಯಾರ ಕಾಲಿಗೂ ಬೀಳದೆ ನಡೆದಿತ್ತು. ಅದರ ಮುಂದೆ ಆಕೆ ಮಂಡಿಯೂರಿ ಕುಳಿತು ಬಹಳ ಹೊತ್ತು ಅತ್ತಳು.

ಹೊರಡುವ ದಿನ ಡಾಕ್ಟರು ತಿಂಗಳು ತಿಂಗಳು ಇಂಜೆಕ್ಷನ್ ತಪ್ಪಿಸಬಾರದು, ಆ ಜ್ವರ ಮತ್ತೆ ಬಂದರೆ ಬಾಗಿಲು ಮತ್ತೆ ಕೆಡುತ್ತದೆ ಎಂದರು. ಮೊದಲ ಸಲ ಕೀಲು ಬಾತಾಗಲೇ ಯಾರಾದರೂ ಈ ಇಂಜೆಕ್ಷನ್ ಶುರು ಮಾಡಿದ್ದರೆ ಹೃದಯ ಬಹುಶಃ ಇಷ್ಟು ಕೆಡುತ್ತಿರಲಿಲ್ಲ ಎಂದೂ, ಯಾರನ್ನೂ ದೂರದ ದನಿಯಲ್ಲಿ, ಹೇಳಿದರು. ಸೈದಾಬಿ ಆ ಮಾತನ್ನು ದಾರಿಯುದ್ದಕ್ಕೂ ಹೊತ್ತು ತಂದಳು, ಮಲಾರಕ್ಕಿಂತ ಭಾರವಾಗಿತ್ತು.

ಊರಿಗೆ ಬಂದ ಎರಡನೆಯ ವಾರ, ಗುರುವಾರ ಬೆಳಿಗ್ಗೆ, ಹೊಳೆಯಾಚೆಯ ಹಳ್ಳಿಯಿಂದ ರೇವವ್ವ ಎಂಬ ಹೆಣ್ಣುಮಗಳು ಬಂದಳು. ಬೆನ್ನ ಮೇಲೆ ಎಂಟು ವರ್ಷದ ಮಗಳು. ರೇವವ್ವನ ಮುಖದಲ್ಲಿ ಆತಂಕವಿರಲಿಲ್ಲ, ಒಂದು ಬಗೆಯ ಹಿಗ್ಗಿತ್ತು. ಮಗಳನ್ನು ಜಗಲಿಯ ಮೇಲೆ ಇಳಿಸಿ ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ನಮ್ಮಕಿಗೂ ಅದ ಬ್ಯಾನಿ ಬಂದೈತ್ರಿ, ನಿಮ್ಮ ಅಬಿದಾಗ ಬಂದಿತ್ತಲ್ರಿ, ಅದ. ಮೊನ್ನಿ ಮೊಣಕಾಲ ಬಾತಿತ್ತು, ಇವತ್ತ ಮುಂಗೈ. ಎದ್ಯಾಗ ದೇವರ ನಾಮ ಬಂದೈತೇನ ನೋಡ್ರಿ."

ಸೈದಾಬಿಗೆ ಈಗ ತಿಳಿಯಿತು, ತಾನು ಊರೂರಿಗೆ ಹಂಚಿದ್ದು ಹೀಗೆ ಫಲ ಕೊಟ್ಟಿದೆ. ತಾಯಂದಿರು ಈ ಬೇನೆಗೆ ದಾರಿ ಕಾಯುತ್ತಿದ್ದಾರೆ, ಮಗಳ ಕೀಲು ಬಾತರೆ ಭಾಗ್ಯ ಬಂತೆಂದು ಹಿಗ್ಗುತ್ತಿದ್ದಾರೆ. ಇನ್ನೆಷ್ಟು ಮನೆಯಲ್ಲಿ ಹೀಗೆ ಕಾದಿದ್ದಾರೋ. ಒಳಗಿನಿಂದ ಅಬಿದಾ ಬಂದು ಬಾಗಿಲಲ್ಲಿ ನಿಂತಳು. ಅವಳೂ ಕೇಳಿಸಿಕೊಂಡಿದ್ದಳು.

ಸೈದಾಬಿ ಹುಡುಗಿಯ ಮುಂದೆ ಕುಳಿತಳು. ಮೈ ಸುಡುತ್ತಿತ್ತು. ಮೊದಲು ಅಂಗೈ ಇಟ್ಟಳು. ಅಂಗೈಯನ್ನು ನಂಬದೆ ಕಿವಿ ಹಚ್ಚಿದಳು. ಎಷ್ಟೋ ಗುರುವಾರ ಸದ್ದಿಗಾಗಿ ಕಾದ ಹೆಂಗಸು ಅಂದು ಸದ್ದು ಬೇಡ ಎಂದು ಬೇಡಿಕೊಂಡಳು, ಯಾ ಅಲ್ಲಾ, ಇಲ್ಲಿ ಏನೂ ಇರದಿರಲಿ ಎಂದು. ಸಣ್ಣ ಎದೆ ಜ್ವರಕ್ಕೆ ಓಡೋಡಿ ಬಡಿಯುತ್ತಿತ್ತು. ಒಂದು ಬಡಿತ, ಅದರ ಹಿಂದೆ ಇನ್ನೊಂದು, ಅಷ್ಟೇ. ಕಿವಿಗೆ ಸಿಗದ್ದು ಒಳಗೆ ಇನ್ನೇನಿದೆಯೋ, ಅದನ್ನು ಸಿಂದಗಿಯ ಡಾಕ್ಟರೇ ಹೇಳಬೇಕು.

"ಬಂದಿಲ್ಲ," ಎಂದಳು.

ರೇವವ್ವನ ಮುಖ ಬಾಡಿತು. ಚೆನ್ನಾಗಿ ನೋಡಿ, ಸ್ವಲ್ಪವೂ ಇಲ್ಲವೇ ಎಂದು ಕೇಳಿದಳು.

"ಇಲ್ಲ ನನ ತಾಯಿ. ಬರಾಕ ಬಿಡಬಾರದು. ನಾ ಬಿಟ್ಟೆ, ನನ್ನ ಮಮ್ಮಗಳ ಸಾಯಾಕ ಹತ್ತಿದ್ಲು. ಅದು ನಾಮ ಅಲ್ಲ. ನಾ ಹೇಳಿದ್ದು ತಪ್ಪು. ಊರೆಲ್ಲಾ ಹೇಳಿದ್ದು ತಪ್ಪು."

ಸಿಂದಗಿಯ ಬಸ್ಸು ಊರ ಹೊರಗೆ ಹಾರ್ನ್ ಹೊಡೆಯಿತು. ಸೈದಾಬಿ ಇನ್ನೊಂದು ಮಾತಿಗೆ ಕಾಯದೆ ಹುಡುಗಿಯನ್ನು ತನ್ನ ಬೆನ್ನಿಗೇರಿಸಿಕೊಂಡಳು, ನೋಯುವ ಮುಂಗೈ ತಾಗದಂತೆ, ಮತ್ತು ಬಸ್ಸಿನ ಕಡೆಗೆ ಓಡಿದಳು.